ಕಲ್ಲಿಗೊಂದು ವೇಳಾಪಟ್ಟಿ

ಬೆಳಿಗ್ಗೆ ಐದೂಮುಕ್ಕಾಲಿಗೆ ಮನೆ ಬಿಟ್ಟರೆ ಆರೂವರೆಗೆ ಸರಿಯಾಗಿ ವಾಪಸು ಗೇಟು ಮುಟ್ಟಬೇಕು. ನಿವೃತ್ತಿಯಾದ ಮೊದಲ ವಾರವೇ ಹಾಕಿಕೊಂಡ ಕಟ್ಟಳೆ ಇದು. ಈಚೆಗೆ ತಪ್ಪುತ್ತಿದೆ. ಕಾಲು ಸೋತಿಲ್ಲ, ಉಸಿರೂ ಚೆನ್ನಾಗಿದೆ. ದಾರಿಯಲ್ಲಿ ಗೋಡೆಗಳಿವೆ, ಅದೇ ತೊಂದರೆ.

ಚಿತ್ರದುರ್ಗದಲ್ಲಿದ್ದುಕೊಂಡು ಗೋಡೆ ನೋಡುತ್ತೇನೆ ಎಂದರೆ ನೀವು ಕೋಟೆ ಎಂದುಕೊಳ್ಳುತ್ತೀರಿ. ಕೋಟೆ ನೋಡಲು ಬೇರೆ ಊರಿನವರು ಬಸ್ಸು ಮಾಡಿಕೊಂಡು ಬರುತ್ತಾರೆ, ಅವರು ನೋಡಲಿ. ನನ್ನ ಕಣ್ಣು ಹಿತ್ತಲ ಗೋಡೆಗಳ ಮೇಲೆ. ಮಣ್ಣು, ಸಿಮೆಂಟು ಏನೂ ಇಲ್ಲದೆ ಬರೀ ಕಲ್ಲಿನ ಮೇಲೆ ಕಲ್ಲಿಟ್ಟು ಎಬ್ಬಿಸಿದ, ಕೊಟ್ಟಿಗೆಯ ಸುತ್ತಲೋ ಖಾಲಿ ಸೈಟಿನ ಅಂಚಿಗೋ ಇನ್ನೂ ಉಳಿದಿರುವ ಗೋಡೆಗಳು. ಅಂಥದ್ದು ಕಂಡರೆ ನಿಲ್ಲುತ್ತೇನೆ. ಸಂದಿಗೆ ಬೆರಳು ಹಾಕುತ್ತೇನೆ. ಪ್ರತಿ ಕಲ್ಲೂ ಕೆಳಗಿನ ಎರಡು ಕಲ್ಲುಗಳ ಮೇಲೆ ಕಾಲು ಚಾಚಿ ಕೂತಿದೆಯೋ, ಇಲ್ಲ ಒಂದರ ನೆತ್ತಿಯ ಮೇಲೆ ಒಂದು ಕೂತು ಸಂದು ನೇರ ಕೆಳಗಿಳಿದಿದೆಯೋ ನೋಡುತ್ತೇನೆ. ಸಂದು ನೇರ ಇಳಿದಿದ್ದರೆ ಮನಸ್ಸಿನಲ್ಲೇ ಅಂಕ ಕಳೆಯುತ್ತೇನೆ. ಮೊನ್ನೆ ಹಾಲಿನವನು ಬೈಕು ನಿಲ್ಲಿಸಿ, "ಏನಮ್ಮ, ಓಲೆ ಕಳ್ಕಂಡ್ರಾ? ಹುಡುಕಿಕೊಡ್ಲಾ?" ಎಂದು ಕೇಳಿದ. ಇಲ್ಲಪ್ಪ, ಗೋಡೆ ನೋಡುತ್ತಿದ್ದೇನೆ ಎಂದೆ. ಅವನು ಗೋಡೆಯನ್ನು ನೋಡಿದ, ನನ್ನನ್ನು ನೋಡಿದ. ಮರುದಿನದಿಂದ ಹಾಲು ಅಳೆಯುವಾಗ ನನ್ನ ಆರೋಗ್ಯ ವಿಚಾರಿಸತೊಡಗಿದ್ದಾನೆ.

ಅರವತ್ತರ ಹತ್ತಿರ ಬಂದಾಗ ಹತ್ತಿದ ಚಟ ಇದು. ಹತ್ತಿಸಿದವಳಿಗೆ ಆಗ ಹದಿಮೂರು ವರ್ಷ.

ನಾನು ಹೆಣ್ಣುಮಕ್ಕಳ ಹಾಸ್ಟೆಲ್ಲಿನ ವಾರ್ಡನ್ ಆಗಿದ್ದವಳು. ಕೊನೆಯ ಆರು ವರ್ಷ ಇದ್ದ ಊರು ಹಿರಿಯೂರಿನಿಂದ ಧರ್ಮಪುರಕ್ಕೆ ಹೋಗುವ ಬಸ್ಸಿನ ದಾರಿಯಲ್ಲಿದೆ. ಹೆಸರು ಬೇಡ. ಅಲ್ಲಿನ ಕಾಂಪೌಂಡಿನ ಸ್ಥಿತಿಯನ್ನು ಮುಂದೆ ಹೇಳಬೇಕಾಗಿದೆ. ಐದಕ್ಕೆ ಎಬ್ಬಿಸುವ ಗಂಟೆ, ಐದೂಕಾಲಿಗೆ ಮುಖ ತೊಳೆಯುವ ಸಾಲು, ಐದೂವರೆಗೆ ಓದು. ಹೀಗೆ ರಾತ್ರಿ ದೀಪ ಆರಿಸುವವರೆಗೆ ದಿನವನ್ನು ಹದಿನೇಳು ತುಂಡು ಮಾಡಿ, ದಪ್ಪ ಕಾಗದದ ಮೇಲೆ ಬರೆದು, ಊಟದ ಕೋಣೆಯಲ್ಲಿ ತೂಗುಹಾಕಿದ್ದೆ. ಅಡುಗೆಯ ಸಾಕಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು, "ನಮ್ಮ ಹಾಸ್ಟೆಲ್ಲಿನ ತಿಗಣೆಗೂ ಮೇಡಮ್ಮ ಟೈಮು ಬರ್ದು ಕೊಟ್ಟವ್ರೆ." ನನಗೆ ಕೇಳಲೆಂದೇ ಹೇಳುತ್ತಿದ್ದಳು.

ಪ್ರತಿ ಜೂನಿನಲ್ಲಿ ಹೊಸದಾಗಿ ಸೇರುವ ಹುಡುಗಿಯರಿಗೆ ನಾನೇ ತಯಾರಿಸಿದ ಒಂದು ನಮೂನೆ ಇರುತ್ತಿತ್ತು. ಹೆಸರು, ಊರು, ತರಗತಿ, ಜ್ವರ ಬಂದರೆ ಯಾರಿಗೆ ಹೇಳಬೇಕು. ಕೊನೆಯ ಕಾಲಂ 'ಆಸಕ್ತಿ'. ಮಕ್ಕಳ ಆಸಕ್ತಿಯನ್ನು ಚಿಕ್ಕಂದಿನಲ್ಲೇ ಗುರುತಿಸಬೇಕು ಎಂದು ಯಾವುದೋ ತರಬೇತಿಯಲ್ಲಿ ಹೇಳಿದ್ದರು, ನಾನು ತಕ್ಷಣ ಕಾಲಂ ಗೆರೆ ಎಳೆದಿದ್ದೆ. ಸಾಲಿನಲ್ಲಿ ಮೊದಲು ಕೂತವಳು 'ಓದುವುದು' ಎಂದು ಬರೆದರೆ ಆ ವರ್ಷ ನಲವತ್ತು ಮಂದಿಯ ಆಸಕ್ತಿಯೂ ಓದುವುದೇ. ಒಂದು ವರ್ಷ ಮೊದಲನೆಯವಳು 'ಈಜು' ಎಂದು ಬರೆದಳು. ಮೈಲುಗಟ್ಟಲೆ ನೀರಿಲ್ಲದ ಊರುಗಳಿಂದ ಬಂದ ನಲವತ್ತು ಈಜುಗಾರ್ತಿಯರು ನನಗೆ ಸಿಕ್ಕಿದರು.

ಸಿಂಚನ, ಭೂಮಿಕ, ಯಶಸ್ವಿನಿಯರ ನಡುವೆ ಅಜ್ಜಿಯ ಹೆಸರು ಹೊತ್ತುಕೊಂಡು ಬಂದವಳು ಮಾರಕ್ಕ. ಹರಿಯಬ್ಬೆಯ ಕಡೆಯವಳು. ಮನೆಯಲ್ಲಿ ಕುರಿ, ಒಂದಿಷ್ಟು ಹೊಲ. ಎಂಟನೆಯ ತರಗತಿಗೆ ಸೇರಿದ್ದಳು. ಅವಳ ನಮೂನೆಯಲ್ಲಿ ಕೊನೆಯ ಕಾಲಂ ಖಾಲಿ ಇತ್ತು. ಕರೆದು ಕೇಳಿದೆ. ಪಕ್ಕದವಳನ್ನು ನೋಡಿ ಬರೆದುಕೊಳ್ಳಬಾರದೇ ಎಂದು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಮನಸ್ಸಿನಲ್ಲಿದ್ದದ್ದು ಅದೇ. ಅವಳು ಬಹಳ ಹೊತ್ತು ಯೋಚಿಸಿ, "ಗೊತ್ತಿಲ್ಲ ಮೇಡಮ್ಮ" ಎಂದಳು. ಸುಳ್ಳು ಹೇಳಿದ್ದರೆ ಬಿಟ್ಟುಬಿಡುತ್ತಿದ್ದೆ. ಖಾಲಿ ಕಾಲಂ ನನಗೆ ನಿದ್ದೆ ಕೊಡುವುದಿಲ್ಲ.

ಇಲ್ಲಿ ನನ್ನದೇ ಕಥೆ ಸ್ವಲ್ಪ ಹೇಳಬೇಕು. ಹೊಳಲ್ಕೆರೆಯಲ್ಲಿ ನನ್ನ ತಂದೆ ಡ್ರಿಲ್ ಮೇಷ್ಟರು. ನನಗೆ ಹನ್ನೆರಡು ತುಂಬಿದ ದಿನ, ಇನ್ನು ಮುಂದೆ ಇವಳ ಆಸಕ್ತಿ ಸಂಗೀತ ಎಂದು ತೀರ್ಮಾನಿಸಿ ಒಂದು ಹಳೆಯ ಹಾರ್ಮೋನಿಯಂ ತಂದರು. ಸಂಜೆ ಐದರಿಂದ ಐದೂವರೆ. ಎದುರಿಗೆ ಟೈಂಪೀಸು. ನಾಲ್ಕು ವರ್ಷ ಒಂದು ದಿನವೂ ತಪ್ಪಿಸದೆ ಬಾರಿಸಿದೆ. ಆ ನಾಲ್ಕು ವರ್ಷದಲ್ಲಿ ನಾನು ಚೆನ್ನಾಗಿ ಕಲಿತದ್ದು ಗಡಿಯಾರವನ್ನು. ಇವತ್ತಿಗೂ ಯಾವುದಾದರೂ ಕಾರ್ಯಕ್ರಮದಲ್ಲಿ ಹಾರ್ಮೋನಿಯಂ ಕೇಳಿದರೆ ರಾಗ ತಿಳಿಯುವುದಿಲ್ಲ, ಇನ್ನೂ ಎಷ್ಟು ನಿಮಿಷ ಉಳಿದಿದೆ ಎಂಬುದು ತಿಳಿಯುತ್ತದೆ. ನನ್ನ ಮದುವೆಯಾದ ವಾರ ಅದನ್ನು ಭಜನೆಯವರು ಎತ್ತಿಕೊಂಡು ಹೋದರಂತೆ. ನಾನೂ ಅಳಲಿಲ್ಲ, ಅದೂ ಅಳಲಿಲ್ಲ.

ಇಷ್ಟು ಅನುಭವಿಸಿದವಳು ಬುದ್ಧಿ ಕಲಿತಿರಬೇಕು ಎಂದು ನೀವು ತಿಳಿದರೆ ಅದು ನಿಮ್ಮ ದೊಡ್ಡತನ. ತಂದೆಯವರು ತಪ್ಪಾದ ವಸ್ತು ಆರಿಸಿದರು ಅಷ್ಟೆ, ಪದ್ಧತಿ ಸರಿಯಾಗಿಯೇ ಇತ್ತು ಎಂದು ನಾನು ನಂಬಿದ್ದೆ. ಆದ್ದರಿಂದ ಮಾರಕ್ಕನಿಗೆ ವಸ್ತುಗಳನ್ನು ಒಂದೊಂದಾಗಿ ಹಚ್ಚಿ ನೋಡಿದೆ. ಹದಿನೈದು ದಿನ ಕಸೂತಿ. ಹದಿನೈದು ದಿನ ಹಾಡು. ಆಮೇಲೆ ರಂಗೋಲಿ, ಖೊಖೊ, ಚರ್ಚಾಸ್ಪರ್ಧೆ. ಹುಡುಗಿ ಯಾವುದಕ್ಕೂ ಇಲ್ಲ ಎನ್ನಲಿಲ್ಲ. ಹೇಳಿದಷ್ಟು ಹೊಲಿದಳು, ಹೇಳಿದಷ್ಟು ಓಡಿದಳು, ಹೊತ್ತು ಮುಗಿದೊಡನೆ ಸೂಜಿಯನ್ನು ಸೂಜಿಯ ಜಾಗದಲ್ಲಿಟ್ಟು ಕೈಕಟ್ಟಿ ನಿಂತಳು. ಸಾಕಮ್ಮ ಒಂದು ದಿನ ಸಾರಿಗೆ ಒಗ್ಗರಣೆ ಹಾಕುತ್ತಾ, ನಾನು ಸೀರೆ ಅಂಗಡಿಯವರ ಹಾಗೆ ಒಂದೊಂದೇ ಸೀರೆ ಬಿಚ್ಚಿ ಹಾಸುತ್ತಿದ್ದೇನೆ, ಆ ಮಗು ಕೊಳ್ಳಲು ಬಂದದ್ದೇ ಅಲ್ಲ, ಬಿಸಿಲಿಗೆ ಒಳಗೆ ಬಂದು ನಿಂತಿರಬಹುದು ಎಂದಳು.

ಆ ಅಕ್ಟೋಬರಿನಲ್ಲಿ ಎರಡು ದಿನ ಜೋರು ಮಳೆಯಾಯಿತು. ನಮ್ಮ ಕಡೆ ಬರುವುದೇ ಅಪರೂಪ, ಬಂದದ್ದು ಹಿಂದಿನ ಕಾಂಪೌಂಡನ್ನು ಕೆಡವಿ ಹೋಯಿತು. ಹಳೆಯ ಕಾಡುಗಲ್ಲಿನ ಗೋಡೆ, ಎರಡು ಮಾರು ಅಗಲ ಕುಸಿದು ರಾಶಿ ಬಿತ್ತು. ಹೆಣ್ಣುಮಕ್ಕಳ ಹಾಸ್ಟೆಲ್ಲು, ಬಾಯಿ ತೆರೆದ ಗೋಡೆ. ನಾನು ಮೇಲಿನವರಿಗೆ ಪತ್ರ ಬರೆದೆ, ನೆನಪಿನ ಪತ್ರ ಬರೆದೆ. ಉತ್ತರ ಬರುವವರೆಗೆ ಇರಲಿ ಎಂದು ಜಾಲಿಮುಳ್ಳು ತಂದು ಅಡ್ಡ ಹಾಕಿಸಿದೆ. ಊರಿನ ಮೇಕೆಗಳಿಗೆ ಜಾಲಿ ಎಂದರೆ ಹಬ್ಬ. ಮೂರು ದಿನದಲ್ಲಿ ಮುಳ್ಳೂ ಇಲ್ಲ, ನನ್ನ ಮಲ್ಲಿಗೆ ಬಳ್ಳಿಯೂ ಇಲ್ಲ.

ನವೆಂಬರಿನಲ್ಲಿ ಸಾಕಮ್ಮ ಬಂದು, ಮಾರಕ್ಕನ ಕೈ ನೋಡಿದ್ದೀರಾ ಎಂದು ಕೇಳಿದಳು. ಬೆರಳುಗಳು ತರಚಿದ್ದವು. ಸಂಜೆ ಐದರಿಂದ ಆರು ಆಟದ ಹೊತ್ತು, ಆಗ ಅವಳು ಮೈದಾನದಲ್ಲಿ ಇರುವುದಿಲ್ಲ ಎಂದೂ ಗೊತ್ತಾಯಿತು. ತೆರೆದ ಗೋಡೆ, ಹದಿಮೂರು ವರ್ಷದ ಹುಡುಗಿ, ಒಂದು ಗಂಟೆ ನಾಪತ್ತೆ. ಚಪ್ಪಲಿ ಬಿಟ್ಟು, ನೀರಿನ ತೊಟ್ಟಿಯ ಹಿಂದಿನಿಂದ ಹೋಗಿ ನೋಡಿದೆ.

ಮಾರಕ್ಕ ಕಲ್ಲಿನ ರಾಶಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದಳು. ಸುಮ್ಮನೆ. ನನ್ನ ಗಡಿಯಾರದಲ್ಲಿ ಏಳು ನಿಮಿಷ ಹಾಗೇ ಕೂತಿದ್ದಳು. ಆಮೇಲೆ ಎದ್ದು ರಾಶಿಯ ಆ ಬದಿಗೆ ಹೋಗಿ ಒಂದು ಕಲ್ಲೆತ್ತಿ ತಂದು, ಗಾಳಿಯಲ್ಲೇ ಒಂದು ಸುತ್ತು ತಿರುಗಿಸಿ, ಇಟ್ಟಳು. ಕೂತಿತು. ಅಂಗೈಯಿಂದ ಅಲ್ಲಾಡಿಸಿ ನೋಡಿ, ಕಲ್ಲಿನ ಒಂದು ಸಣ್ಣ ಚೆಕ್ಕೆಯನ್ನು ಅಡಿಗೆ ಸಿಕ್ಕಿಸಿ, ಮತ್ತೆ ಅಲ್ಲಾಡಿಸಿದಳು. ಆಗಲೇ ನಾನು ಗಮನಿಸಿದ್ದು. ಬಿದ್ದ ಜಾಗದಲ್ಲಿ ಗೋಡೆ ಮೊಣಕಾಲೆತ್ತರ ಎದ್ದಿತ್ತು. ಅವಳ ಮುಖವನ್ನೂ ನೋಡಿದೆ. ಐದು ತಿಂಗಳು ನನ್ನೆದುರು ಕೈಕಟ್ಟಿ ನಿಂತ ಮುಖ ಅದಾಗಿರಲಿಲ್ಲ. ತುಟಿ ಕಚ್ಚಿಕೊಂಡು, ಕಣ್ಣು ಕಿರಿದು ಮಾಡಿ, ಯಾರದೋ ಜೊತೆ ವಾದ ಮಾಡುವವಳ ಹಾಗಿದ್ದಳು.

ನನ್ನನ್ನು ಕಂಡದ್ದೇ ಬೆಚ್ಚಿ, ಇನ್ನು ಮಾಡುವುದಿಲ್ಲ ಎಂದು ಕೈಮುಗಿದಳು. ಊರಿನಲ್ಲಿ ಅಜ್ಜ ಕುರಿ ಕೂಡುವ ರೊಪ್ಪದ ಗೋಡೆ ಕಟ್ಟುವುದನ್ನು ನೋಡಿದ್ದಳಂತೆ. ಅವನು ಕೈ ಹಾಕಗೊಡುತ್ತಿರಲಿಲ್ಲವಂತೆ, ಕಲ್ಲನ್ನು ಕಾಲ ಮೇಲೆ ಹಾಕಿಕೊಂಡಾಳು ಎಂದು. ಹಾಗಾದರೆ ಇಷ್ಟು ಹೊತ್ತು ಸುಮ್ಮನೆ ಕೂತಿದ್ದೇಕೆ ಎಂದು ಕೇಳಿದೆ.

"ಸುಮ್ಕೆ ಕುಂತಿರ್ಲಿಲ್ಲ ಮೇಡಮ್ಮ, ಕಲ್ಲು ನೋಡ್ತಿದ್ದೆ. ಎತ್ತಿದ ಮ್ಯಾಲೆ ಯೋಚ್ನೆ ಮಾಡಿದ್ರೆ ಸೊಂಟ ಹೋಗ್ತೈತೆ ಅಂತಾನೆ ನಮ್ಮಜ್ಜ."

ಆ ರಾತ್ರಿ ನನಗೆ ಆದ ಸಂತೋಷ! ಕಾಲಂ ತುಂಬಿತು. ತಂದೆಯವರಿಗೆ ಸಿಗದೇ ಹೋದದ್ದು ನನಗೆ ಸಿಕ್ಕಿತ್ತು. ಎದ್ದು ಕೂತು ಕಾಗದ ತೆಗೆದುಕೊಂಡೆ.

ಮರುದಿನದಿಂದ ಜಾರಿಗೆ ಬಂದ ವ್ಯವಸ್ಥೆಯನ್ನು ನಾಚಿಕೆ ಬಿಟ್ಟು ಬರೆಯುತ್ತೇನೆ. ಸಂಜೆ ಐದರಿಂದ ಐದೂವರೆ, ಕಲ್ಲು ಕೆಲಸ. ಮುಖ್ಯಸ್ಥೆ ಮಾರಕ್ಕ. ಸಹಾಯಕ್ಕೆ ನಾಲ್ವರು ಹುಡುಗಿಯರು. ಆ ಅಸ್ತವ್ಯಸ್ತ ರಾಶಿಯನ್ನು ನೋಡಲಾಗದೆ, ಮಕ್ಕಳು ಶಾಲೆಗೆ ಹೋದ ಹೊತ್ತಿನಲ್ಲಿ ಇಬ್ಬರು ಆಳುಗಳನ್ನು ಕರೆಸಿ ಕಲ್ಲುಗಳನ್ನು ದೊಡ್ಡದು, ನಡುವಿನದು, ಸಣ್ಣದು ಎಂದು ಮೂರು ಸಾಲು ಮಾಡಿಸಿದೆ. ಸುಣ್ಣದಲ್ಲಿ ನಂಬರು ಬರೆಸಿದೆ. ಹುಡುಕುವ ಕಷ್ಟ ತಪ್ಪಲಿ ಎಂದು. ಐದೂವರೆಗೆ ಸೀಟಿ.

ಮೊದಲ ದಿನ ಮಾರಕ್ಕ ಸಾಲುಗಳ ಮುಂದೆ ನಿಂತು ಆ ತುದಿಯಿಂದ ಈ ತುದಿಗೆ ನೋಡಿದಳು. ಪರವೂರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದವರು ನೋಡುವ ಹಾಗೆ. ರಾಶಿಯಲ್ಲಿ ಯಾವ ಕಲ್ಲು ಎಲ್ಲಿ, ಯಾವ ಮಗ್ಗುಲಾಗಿ ಬಿದ್ದಿದೆ ಎಂದು ಮೂರು ವಾರದಿಂದ ಕೂತು ಕೂತು ಕಂಠಪಾಠ ಮಾಡಿದ್ದಳು ಎಂಬುದು ನನಗೆ ಆಗ ಹೊಳೆಯಲಿಲ್ಲ. ಅವಳು ನೋಡುತ್ತಾ ಕೂತರೆ ಸಹಾಯಕರಿಗೆ ಬೇಸರ. ಒಬ್ಬಳು ಹದಿನೆಂಟನೇ ನಂಬರು ತರಲಾ ಎನ್ನುತ್ತಾಳೆ, ಇನ್ನೊಬ್ಬಳು ಇಪ್ಪತ್ತೆರಡು ಚೆನ್ನಾಗಿದೆ ಎನ್ನುತ್ತಾಳೆ. ಎರಡನೆಯ ದಿನ ಅವಳ ಕೈಯಲ್ಲಿ ಕಲ್ಲಿದ್ದಾಗಲೇ ನಾನು ಸೀಟಿ ಊದಿದೆ. ವಿಧೇಯ ಹುಡುಗಿ, ಕೆಳಗಿಟ್ಟಳು. ನಾಲ್ಕನೆಯ ದಿನ ಐದಕ್ಕೆ ಐದು ನಿಮಿಷವಿರುವಾಗ ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತಳು.

"ಮೇಡಮ್ಮ, ನಾನು ರಂಗೋಲಿಗೇ ಹೋಗ್ಲಾ?"

ಮುಖ ಹಳೆಯ ಮುಖವಾಗಿತ್ತು. ಕೈಕಟ್ಟಿಕೊಂಡಿದ್ದಳು.

ಬೈದಿದ್ದರೆ ಸಹಿಸಬಹುದಿತ್ತು. ರಂಗೋಲಿ ಅವಳಿಗೆ ಎಷ್ಟು ಬೇಡವೆಂದು ನನಗೆ ಗೊತ್ತಿತ್ತು, ನಾನೇ ಹದಿನೈದು ದಿನ ನೋಡಿದ್ದೆ. ಕಷ್ಟಪಟ್ಟು ಹುಡುಕಿದ್ದನ್ನು ನಾಲ್ಕು ದಿನದಲ್ಲಿ ನಾನೇ ಕೈಯಾರೆ ಕೆಡಿಸಿದ್ದೆ. ಸಹಾಯಕರನ್ನು ತೆಗೆದೆ, ಸೀಟಿ ನಿಲ್ಲಿಸಿದೆ, ನಿನಗೆ ಇಷ್ಟ ಬಂದಾಗ ಹೋಗಲು ಅನುಮತಿ ಇದೆ ಎಂದು ಕರೆದು ಹೇಳಿದೆ. ಆಯ್ತು ಮೇಡಮ್ಮ ಎಂದು ಹೋಗಿ ರಂಗೋಲಿಯ ಚುಕ್ಕಿ ಇಟ್ಟಳು. ಅನುಮತಿ ಕೊಟ್ಟದ್ದೂ ಅವಳಿಗೆ ಸೀಟಿಯ ಹಾಗೇ ಕೇಳಿಸಿರಬೇಕು.

ಭಾನುವಾರ ಅವಳ ಅಜ್ಜ ಬಂದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಹುರಿದ ಶೇಂಗಾದ ಗಂಟು. ಹಿಂದೆ ಕರೆದುಕೊಂಡು ಹೋಗಿ ಮೊಮ್ಮಗಳ ಗೋಡೆ ತೋರಿಸಿದೆ. ಕೂತು ನೋಡಿದ, ಒಂದು ಕಲ್ಲನ್ನು ತಳ್ಳಿ ನೋಡಿದ, ಮೀಸೆ ಸವರಿಕೊಂಡ. ಆಮೇಲೆ ಸುಣ್ಣದ ನಂಬರುಗಳ ಸಾಲು ಕಂಡಿತು.

"ಇದ್ಯಾರು ಅಮ್ಮಾರೆ, ಕಲ್ಲಿಗೆ ಹಾಜರಿ ಹಾಕಿರೋರು?"

ನಾನೇ ಎಂದು ಒಪ್ಪಿಕೊಂಡೆ. ನಡೆದದ್ದನ್ನೂ ಹೇಳಿದೆ. ನಗುತ್ತಾನೆ ಎಂದುಕೊಂಡಿದ್ದೆ, ನಗಲಿಲ್ಲ. ಕಂಬಳಿ ಹಾಸಿ ಕೂತು, ನನ್ನನ್ನೂ ಕೂರಲು ಹೇಳಿ, ಕುರಿಯ ಮಾತು ತೆಗೆದ.

"ಚೊಚ್ಚಲ ಕುರಿ ಈಯೋವಾಗ ನಾವು ಎದುರಿಗೆ ನಿಂತ್ಕಂಡು ನೋಡಲ್ಲ. ನೋಡಿದ್ರೆ ಬೆದರಿ ಮರೀನ ಬಿಟ್ಟು ಎದ್ದು ಹೋಗ್ತೈತೆ. ಹಂಗಂತ ದೂರಾನೂ ಹೋಗಲ್ಲ, ನರಿ ಬಂದ್ರೆ? ಹತ್ರಾನೇ ಬೆನ್ನು ಮಾಡ್ಕಂಡು ಕುಂತ್ಕಂತೀವಿ, ಉಣ್ಣೆ ನೂಲ್ಕಂತ. ಕೈ ಬೇಕಾದ್ರೆ ಅದೇ ಕೂಗ್ತೈತೆ. ನೀವೂ ಅತ್ತ ಮಕ ಮಾಡಿ ಕುಂತ್ಕಳ್ರಿ."

ನಾನು ಕೇಳಿದ ತರಬೇತಿಗಳಲ್ಲಿ ಇಷ್ಟು ಚಿಕ್ಕದಾದದ್ದು ಬೇರೆ ಇರಲಿಲ್ಲ.

ಸೋಮವಾರ ಮಕ್ಕಳು ಶಾಲೆಗೆ ಹೋದ ಮೇಲೆ ನಾನೂ ಸಾಕಮ್ಮನೂ ಸೇರಿ ಸಾಲು ಮಾಡಿದ ಕಲ್ಲುಗಳನ್ನು ಮತ್ತೆ ರಾಶಿ ಮಾಡಲು ನಿಂತೆವು. ನಂಬರು ಇದ್ದ ಮಗ್ಗುಲು ಕೆಳಗೆ ಮಾಡಿ ಎಸೆಯಬೇಕು ಎಂದು ತೀರ್ಮಾನ. ಸ್ವಲ್ಪ ಹೊತ್ತಿಗೆ ಸಾಕಮ್ಮ ಕೆಲಸ ನಿಲ್ಲಿಸಿ ನನ್ನ ಕಡೆಯ ರಾಶಿಯನ್ನೇ ದಿಟ್ಟಿಸತೊಡಗಿದಳು. ನಾನು ಒಂದು ದೊಡ್ಡದು, ಒಂದು ಸಣ್ಣದು, ಒಂದು ದೊಡ್ಡದು, ಒಂದು ಸಣ್ಣದು ಎಂದು ಹಾಕುತ್ತಿದ್ದೆ. "ಮೇಡಮ್ಮ, ನಿಮಗೆ ಚೆಲ್ಲೋಕೂ ಬರಲ್ಲ, ಅತ್ಲಾಗೆ ಹೋಗಿ" ಎಂದು ನನ್ನನ್ನು ಸರಿಸಿ ಮಿಕ್ಕದ್ದನ್ನು ತಾನೇ ಉರುಳಿಸಿದಳು.

ಅವತ್ತು ಸಂಜೆಯಿಂದ ಐದಕ್ಕೆ ಸರಿಯಾಗಿ ಕಬ್ಬಿಣದ ಕುರ್ಚಿ ಹಾಕಿಕೊಂಡು, ಬಿದ್ದ ಗೋಡೆಗೆ ಬೆನ್ನು ಮಾಡಿ, ಮೊರದಲ್ಲಿ ಅಕ್ಕಿ ಆರಿಸುತ್ತಾ ಕೂತೆ. ಮಾರಕ್ಕನಿಗೆ ಏನೂ ಹೇಳಲಿಲ್ಲ. ಅವಳು ರಂಗೋಲಿಯ ಗುಂಪಿನಲ್ಲಿದ್ದಳು. ಒಂದು ವಾರ ಕಳೆಯಿತು. ಹಾಸ್ಟೆಲ್ಲಿನ ಅಕ್ಕಿ ಅಷ್ಟು ಸ್ವಚ್ಛವಾಗಿ ಹಿಂದೆಂದೂ ಇರಲಿಲ್ಲ, ಆರಿಸಿದ್ದನ್ನೇ ಮತ್ತೆ ಆರಿಸಿದೆ. ಎರಡನೆಯ ವಾರದಲ್ಲಿ ಎಲ್ಲ ಬಿಟ್ಟುಬಿಡಬೇಕು ಅನ್ನಿಸಿತು. ಮಕ್ಕಳಿಗೆ ಒಂದು ಸಲ ರುಚಿ ಕೆಟ್ಟರೆ ಕೆಟ್ಟ ಹಾಗೆಯೇ ಏನೋ. ಹಾರ್ಮೋನಿಯಂ ನನಗೆ ಮರಳಿ ಬರಲಿಲ್ಲವಲ್ಲ.

ಈಗ ನಮ್ಮ ಬೀದಿಯ ತಾಯಂದಿರು ಸಂಜೆ ಬಂದು ಕೇಳುತ್ತಾರೆ. ಮಗ ಎಂಟನೇ ಕ್ಲಾಸು, ಕೀಬೋರ್ಡಿಗೆ ಹಾಕಿದೆವು, ಕರಾಟೆಗೆ ಹಾಕಿದೆವು, ಯಾವುದರಲ್ಲೂ ಮನಸ್ಸಿಲ್ಲ, ನೀವು ಎಷ್ಟೋ ಮಕ್ಕಳನ್ನು ನೋಡಿದವರು, ಏನು ಮಾಡೋಣ. ಅವನು ಏನೂ ಮಾಡದೆ ಕೂತಿದ್ದಾಗ ಏನನ್ನು ನೋಡುತ್ತಿರುತ್ತಾನೆ ಎಂದು ನಾನು ಕೇಳುತ್ತೇನೆ. ಅವರು ಫೋನು ಎನ್ನುತ್ತಾರೆ. ಫೋನಿನಲ್ಲಿ ಏನನ್ನು ಎಂದರೆ ಗೊತ್ತಿಲ್ಲ. ಮೊದಲು ಅದನ್ನು ತಿಳಿದುಕೊಳ್ಳಿ, ತಿಳಿದ ಮೇಲೆ ಕುರ್ಚಿ ಹಾಕಿಕೊಂಡು ಹತ್ತಿರದಲ್ಲೇ ಬೆನ್ನು ಮಾಡಿ ಕೂತುಕೊಳ್ಳಿ ಎನ್ನುತ್ತೇನೆ. ನಮ್ಮ ಹಾಲಿನವನ ಮುಖ ಮಾಡಿಕೊಂಡು ಎದ್ದು ಹೋಗುತ್ತಾರೆ. ಒಬ್ಬಾಕೆ ಮಾತ್ರ ಮಾಡಿ ನೋಡಿದಳು. ಅವಳ ಮಗ ನೋಡುತ್ತಿದ್ದದ್ದು ಹಳೆಯ ನೀರಿನ ಪಂಪು ರಿಪೇರಿ ಮಾಡುವ ವಿಡಿಯೋಗಳನ್ನಂತೆ. ಈಗ ಅವರ ಜಗಲಿಯ ಮೇಲೆ ಬಿಚ್ಚಿದ ಮೋಟರು ಇದೆ. ಆಕೆ ಅದಕ್ಕೆ ಬೆನ್ನು ಮಾಡಿ ಸೊಪ್ಪು ಸೋಸುತ್ತಾ ಕೂತಿರುವುದನ್ನು ಕಂಡಿದ್ದೇನೆ.

ಮಾರಕ್ಕ ಮುಂದೆ ಏನಾದಳು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ, ಕಾಯಿಸುವುದು ನನಗಾಗದು. ಹೊಸದುರ್ಗದಲ್ಲಿ ಡಿಗ್ರಿ ಓದುತ್ತಿದ್ದಾಳೆ, ಇತಿಹಾಸ. ಕಲ್ಲಿಗೂ ಅದಕ್ಕೂ ನಂಟು ಹುಡುಕಬೇಡಿ, ಸೀಟು ಸಿಕ್ಕಿದ್ದು ಅದಕ್ಕೆ. ರಜೆಯಲ್ಲಿ ಊರಿಗೆ ಹೋದಾಗ ಬಿದ್ದ ರೊಪ್ಪಗಳನ್ನು ಎಬ್ಬಿಸುತ್ತಾಳೆ. ಸುತ್ತಲಿನ ನೆಂಟರು ಕರೆದುಕೊಂಡು ಹೋಗುತ್ತಾರೆ, ಅಜ್ಜ ಈಗ ಕೂತು ನೋಡುತ್ತಾನೆ. ನನ್ನ ಫೋನಿಗೆ ಗೋಡೆಯ ಫೋಟೋ ಕಳಿಸುತ್ತಾಳೆ, ಜೊತೆಗೆ ಒಂದಕ್ಷರವೂ ಇರುವುದಿಲ್ಲ. ನಾನು ಎಡಗಡೆ ಮೂಲೆ ಸೊಟ್ಟಗಿದೆ ಎಂದು ಬರೆಯುತ್ತೇನೆ. ಫೋಟೋ ಸೊಟ್ಟ ಐತೆ ಮೇಡಮ್ಮ, ಗೋಡೆ ಅಲ್ಲ ಎಂದು ಉತ್ತರ ಬರುತ್ತದೆ.

ಆದರೆ ಆ ಡಿಸೆಂಬರಿನ ಸಂಜೆ ಇದೊಂದೂ ನನಗೆ ಗೊತ್ತಿರಲಿಲ್ಲ. ಕುರ್ಚಿ ಹಾಕಿಕೊಂಡು ಹನ್ನೆರಡನೆಯ ದಿನ. ಮೊರದಲ್ಲಿ ಬೆರಳಾಡಿಸುತ್ತಾ ಕೂತಿದ್ದೆ. ಹಿಂದಿನಿಂದ ಟಕ್ ಎಂದು ಒಂದು ಸದ್ದು ಬಂತು.

ಮೇಕೆ ಇರಬಹುದು ಅಂದುಕೊಂಡೆ. ತಿರುಗಿ ನೋಡಲಿಲ್ಲ. ಬಹಳ ಹೊತ್ತು ಏನೂ ಇಲ್ಲ. ಮತ್ತೆ ಒಂದು ಸಲ, ಕಲ್ಲಿನ ಮೇಲೆ ಕಲ್ಲು ಕೂರುವ ಸದ್ದು, ಆಮೇಲೆ ಚೆಕ್ಕೆ ಸಿಕ್ಕಿಸುವ ಕಿರ್ ಎಂಬ ಸಣ್ಣ ಸದ್ದು. ಕತ್ತು ತಾನಾಗಿ ತಿರುಗಲು ಹೊರಟಿತು. ಜೀವಮಾನವೆಲ್ಲ ನಲವತ್ತು ಮಕ್ಕಳನ್ನು ಒಂದೇ ನೋಟದಲ್ಲಿ ಎಣಿಸಿದ ಕತ್ತು ಅದು. ಎರಡೂ ಕೈಯಲ್ಲಿ ಮೊರ ಗಟ್ಟಿಯಾಗಿ ಹಿಡಿದುಕೊಂಡೆ. ಆರು ಹೊಡೆಯುವ ಮೊದಲು ಹೆಜ್ಜೆ ಸದ್ದು ನನ್ನ ಪಕ್ಕದಿಂದಲೇ ಹಾದುಹೋಯಿತು. ನಾನು ಅಕ್ಕಿಯನ್ನೇ ನೋಡುತ್ತಿದ್ದೆ.

ಹೀಗೆ ಹತ್ತು ಹದಿನೈದು ದಿನ. ಗೋಡೆ ಎಷ್ಟು ಎದ್ದಿದೆ ಎಂದು ಮಕ್ಕಳು ಶಾಲೆಗೆ ಹೋದಾಗ ಕದ್ದು ನೋಡಿ ಬರುತ್ತಿದ್ದೆ. ಸೊಂಟದೆತ್ತರಕ್ಕೆ ಬಂದು ನಿಂತಿತ್ತು. ಅಲ್ಲಿಂದ ಮೇಲೆ ಹೋಗಬೇಕಾದರೆ ಗೋಡೆಯ ಈ ಮೈಯಿಂದ ಆ ಮೈಗೆ ಹಾಯುವ ಉದ್ದನೆಯ ಕಲ್ಲುಗಳನ್ನು ಅಡ್ಡ ಹಾಕಬೇಕು. ಅವು ಒಬ್ಬಳ ಕೈಗೆ ಬರುವಂಥವಲ್ಲ. ಎರಡು ಸಂಜೆ ಸದ್ದೇ ಇಲ್ಲ. ಕೇಳಲೇ, ಕೇಳಬಾರದೇ ಎಂದು ಅಕ್ಕಿಯ ಜೊತೆ ಚರ್ಚೆ ಮಾಡಿದೆ. ಮೂರನೆಯ ಸಂಜೆ ಹಿಂದಿನಿಂದ ದನಿ ಬಂತು.

"ಮೇಡಮ್ಮ, ಇಲ್ಲೊಂದು ಕಡೆ ಹಿಡ್ಕಂತೀರಾ?"

ಮೊರ ಎಲ್ಲಿಟ್ಟೆನೋ ನೆನಪಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಕಲ್ಲಿನ ಒಂದು ತುದಿ ಹಿಡಿದೆ, ಇನ್ನೊಂದು ತುದಿ ಅವಳು. ಎತ್ತಿ ಗೋಡೆಯ ಮೇಲೆ ಅಂಚಿಗೆ ಆನಿಸಿದೆವು. ಎಡಕ್ಕೆ ಸರಿಸಿದರೆ ಚೆನ್ನ ಎಂದು ನನಗೆ ಅನ್ನಿಸಿತು, ಹೇಳಿದೆ. "ಸುಮ್ನೆ ಹಿಡ್ಕಳ್ರಿ, ನಾನು ಹೇಳ್ತೀನಿ" ಎಂದಳು. ಅಷ್ಟು ವರ್ಷದ ನೌಕರಿಯಲ್ಲಿ ಯಾವ ಹುಡುಗಿಯೂ ನನಗೆ ಹಾಗೆ ಹೇಳಿರಲಿಲ್ಲ. ಸುಮ್ಮನೆ ಹಿಡಿದುಕೊಂಡೆ. ಅವಳು ಬಗ್ಗಿ ಕೆಳಗಿನ ಸಂದಿಯನ್ನು ನೋಡಿದಳು. ಕಣ್ಣು ಕಿರಿದಾಯಿತು, ತುಟಿ ಕಚ್ಚಿದಳು. ಆರಾಯಿತು. ಆರೂಕಾಲಾಯಿತು. ಪ್ರಾರ್ಥನೆಗೆ ಸಾಲು ನಿಂತ ಹುಡುಗಿಯರು ಗಂಟೆ ಏಕೆ ಬಾರಿಸಿಲ್ಲವೆಂದು ಒಬ್ಬೊಬ್ಬರಾಗಿ ಹಿತ್ತಲಿಗೆ ಬಂದು ಇಣುಕಿದರು. ಸಾಕಮ್ಮ ಸೌಟು ಹಿಡಿದುಕೊಂಡೇ ಬಂದು ನೋಡಿ, ಮಕ್ಕಳನ್ನೆಲ್ಲ ಅಟ್ಟಿಕೊಂಡು ಒಳಗೆ ಹೋದಳು. ಬಿಡಲಾ ಎಂದು ಕೇಳಿದೆ. ಇನ್ನೂ ಇಲ್ಲ ಎಂದಳು. ಒಂದು ಚೆಕ್ಕೆ ಹುಡುಕಿ ತಂದು ಅಡಿಗಿಟ್ಟಳು, ತೆಗೆದಳು, ತಿರುಗಿಸಿ ಮತ್ತೆ ಇಟ್ಟಳು. ಅಂಗೈಯಿಂದ ತಟ್ಟಿದಳು.

"ಈಗ ಬಿಡ್ರಿ."

ಬಿಟ್ಟೆ. ಕಲ್ಲು ಅಲ್ಲಾಡಲಿಲ್ಲ. ಅವಳು ಆಗಲೇ ಮುಂದಿನ ಕಲ್ಲು ನೋಡುತ್ತಾ ಕೂತಿದ್ದಳು.